ಹೂಳಿನ ಮೇಲೆ ಚೆಂಡುಹೂ

“ಮತ್ತೆ ಬಂದೆಯಾ? ಒಂದು ಸುತ್ತು ಜಪ ನೆಟ್ಟಗೆ ಮುಗಿಸಲು ಬಿಡುವುದಿಲ್ಲವಲ್ಲ ನೀನು!”

ಚೆನ್ನಾಜಿ ಕಣ್ಣು ಮುಚ್ಚಿಕೊಂಡೇ ಸಿಡುಕಿದಳು. ಕುರಿ ಕಾಯುವ ತಿಪ್ಪಯ್ಯ ಬೆಳಗಿನಿಂದ ಆಶ್ರಮದ ಬಾಗಿಲಿಗೆ ಬಂದು ಬಂದು ಕೂಗುತ್ತಿದ್ದ. ರಾತ್ರಿಯಿಡೀ ಮಳೆ ಹೊಯ್ದರೂ ಕೆರೆ ತುಂಬಿಲ್ಲವಂತೆ. ಅದಕ್ಕೆ ಅವಳೇನು ಮಾಡಬೇಕು?

ಕಣ್ಣು ಬಿಟ್ಟರೆ ಎದುರಿಗೆ ಗುರು ನಿರಂಜನಯ್ಯ. ಮೊಣಕಾಲಿನವರೆಗೆ ಕೆಸರು. ಹೆಗಲ ಮೇಲೆ ಗುದ್ದಲಿ.

“ಏಳು.”

“ಗುರುಗಳೇ, ಜಪ...”

“ಜಪ ಎಲ್ಲಿಗೂ ಓಡಿಹೋಗುವುದಿಲ್ಲ. ನೀರು ಓಡಿಹೋಗುತ್ತಿದೆ.”

ಕೆರೆಯ ನಡುವೆ ಮಾತ್ರ ಒಂದಿಷ್ಟು ನೀರಿತ್ತು. ಮಳೆಯನ್ನು ನಂಬಿ ಎರಡು ಗುಳುಮುಳುಕ ನೀರುಹಕ್ಕಿಗಳು ಜೊಂಡಿನ ನಡುವೆ ಗೂಡು ಕಟ್ಟಿದ್ದವು. ನೀರಿನ ಮೇಲೆ ತೇಲಬೇಕಾದ ಗೂಡು ಕೆಸರಿಗೆ ಅಂಟಿ ಕೂತಿತ್ತು. ಮೊಟ್ಟೆಗಳನ್ನು ಕೆಸರಿನಲ್ಲಿ ನಡೆದು ಬಂದ ನಾಯಿ ಒಡೆದು ನೆಕ್ಕಿ ಹೋಗಿತ್ತು. ಹಕ್ಕಿಗಳೆರಡೂ ಒಂದೇ ಸಮನೆ ಕೂಗುತ್ತಿದ್ದವು.

ಚೆನ್ನಾಜಿಗೆ ಮೈಯೆಲ್ಲ ಉರಿಯಿತು.

“ಮೇಲಿನ ಊರಿನವರು ಹಳ್ಳಕ್ಕೆ ಅಡ್ಡ ಕಟ್ಟಿದ್ದಾರೆ. ಅವರ ಕೈ ಸೇದಿಹೋಗ! ನಡೆಯಿರಿ, ಒಬ್ಬೊಬ್ಬರ ಗ್ರಹಚಾರ ಬಿಡಿಸುತ್ತೇನೆ.”

“ನಡೆ. ಕಟ್ಟಿದವರು ಸಿಕ್ಕ ಮೇಲೂ ಹೀಗೇ ಬೈಯಬೇಕು, ಮತ್ತೆ.”

ಗುಡ್ಡದ ನೀರನ್ನು ಕೆರೆಗೆ ತರುವುದು ಒಂದೇ ಹಳ್ಳ. ಇಬ್ಬರೂ ಅದರ ಒಣ ಪಾತ್ರದಲ್ಲಿ ಮೇಲಕ್ಕೆ ನಡೆದರು. ದಾರಿಯುದ್ದಕ್ಕೂ ಅವಳ ಬೈಗುಳ ನಿಲ್ಲಲಿಲ್ಲ. ಆಶ್ರಮದ ಹಿತ್ತಿಲಿಗೆ ಬಂದಾಗ ಹಳ್ಳ ನಿಂತಿತು. ಬೈಗುಳವೂ ನಿಂತಿತು.

ಎದುರಿಗೆ ಅವಳದೇ ಹೂದೋಟ. ಎದೆಯೆತ್ತರದ ಮಣ್ಣಿನ ಮೇಲೆ ಚೆಂಡುಹೂ, ಕಣಗಿಲೆ. ಅದರಾಚೆ ಗುಡ್ಡದ ನೀರು ಬಂದು ಗುದ್ದಿ, ದಾರಿ ಕಾಣದೆ ಹೊರಳಿ, ರಸ್ತೆಗೆ ಹರಿಯುತ್ತಿತ್ತು.

ಕೆರೆಯಿಂದ ಒಂದು ಕೊಡ ನೀರು ತಂದವರು ಒಂದು ಬುಟ್ಟಿ ಹೂಳು ಎತ್ತಬೇಕು. ಅದು ಆಶ್ರಮದ ಕಟ್ಟಳೆ. ಇಷ್ಟು ವರ್ಷದಲ್ಲಿ ಜ್ವರ ಬಂದರೂ ಚೆನ್ನಾಜಿ ಅದನ್ನು ತಪ್ಪಿಸಿದವಳಲ್ಲ.

“ಹೂಳೆತ್ತು ಎಂದವರು ನೀವೇ,” ಎಂದಳು.

“ಹೊಲಕ್ಕೆ ಹಾಕು ಎಂದವನೂ ನಾನೇ.”

“ಹೊಲ ದೂರ. ಈ ಹಳ್ಳ ಒಣಗಿ ಸುಮ್ಮನೆ ಬಿದ್ದಿತ್ತು, ಇಲ್ಲೇ ಸುರಿದೆ.”

“ಸುಮ್ಮನೆ ಬಿದ್ದಿರಲಿಲ್ಲ. ಮಳೆಗೆ ಕಾಯುತ್ತಿತ್ತು.”

“ಹಾಗಿದ್ದರೆ ಆಗಲೇ ಹೇಳಬಾರದಿತ್ತೇ? ದಿನವೂ ಈ ಹೂವನ್ನು ದೇವರಿಗೆ ಏರಿಸಿದವರು ಯಾರು?”

“ನಾನೇ. ಇದನ್ನು ಎಲ್ಲಿ ಬೆಳೆಸಿದೆ ಎಂದು ನಿನ್ನನ್ನು ಒಂದು ದಿನವೂ ಕೇಳಲಿಲ್ಲ. ಬೈ, ನನ್ನನ್ನೂ ಬೈ.”



ಗುರುಗಳು ಗುದ್ದಲಿ ಎತ್ತಿ, ಅರಳಿದ ಗಿಡಗಳ ಬುಡಕ್ಕೇ ಹಾಕಿದರು.

“ಅಯ್ಯೋ, ನಿಲ್ಲಿಸಿ!” ಅವಳು ಅವರ ತೋಳು ಹಿಡಿದಳು. “ಅದು ದೇವರ ಹೂವು!”

ಅವರು ತೋಳು ಕೊಡವಿಕೊಂಡು ಇನ್ನೊಂದು ಏಟು ಹಾಕಿದರು. ಮತ್ತೊಂದು. ಮಣ್ಣು ಬಿರಿಯಿತು. ಕೆಂಪು ನೀರು ಗಿಡಗಳನ್ನು ಬೇರುಸಹಿತ ಎಳೆದುಕೊಂಡು ಕೆರೆಯ ಕಡೆಗೆ ನುಗ್ಗಿತು.

ಕೆಳಗಿನಿಂದ ಗುಳುಮುಳುಕಗಳ ಕೂಗು ಇನ್ನೂ ಕೇಳುತ್ತಿತ್ತು.

ನಿರಂಜನಯ್ಯ ಗುದ್ದಲಿಯನ್ನು ಅವಳ ಕೈಗೆ ತುರುಕಿದರು.

“ಉಳಿದದ್ದನ್ನು ನೀನು ಅಗೆ. ಆಮೇಲೆ ಕೆರೆಗೆ ಹೋಗು. ಗೂಡು ಯಾರು ಕೆಡಿಸಿದರು ಎಂದು ಆ ಹಕ್ಕಿ ಕೇಳುತ್ತಿದೆಯಲ್ಲ, ಯಾವ ದೇವರ ಹೆಸರು ಹೇಳುತ್ತೀ?”