ಬನವ್ವನ ಮನೆಯ ಸರ್ವರ್

ಕತೆ ಕೇಳಿ ನಗು ಬಂದರೆ ನಗಿ, ನಾನು ಬೇಡ ಅನ್ನುವುದಿಲ್ಲ. ಬನವ್ವನ ಎದುರಿಗೆ ಮಾತ್ರ ನಗಬೇಡಿ. ಅವಳ ಎದೆ ಇನ್ನೂ ಡವಡವ ಅನ್ನುತ್ತಿದೆ.

ಬನವ್ವ ಖಣ ನೇಯುವವಳು, ಕುಪ್ಪಸದ ಬಟ್ಟೆ. ಅವಳಿಗೆ ಒಬ್ಬನೇ ಮಗ, ಗೂಳಪ್ಪ. ವಯಸ್ಸು ಮೂವತ್ತೆರಡಾಗಿತ್ತು, ಬುದ್ಧಿ ಮಾತ್ರ ಇನ್ನೂ ದಾರಿಯಲ್ಲಿತ್ತು. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಯಾತಕ್ಕೆ ಹೇಳಿದರು ಅನ್ನುವುದು ಅವನ ತಲೆಗೆ ಹೋಗುತ್ತಿರಲಿಲ್ಲ. ತಾನು ಹೋದ ಮೇಲೆ ಇವನ ಗತಿಯೇನು ಅಂತ ಬನವ್ವ ದಿನಕ್ಕೆ ಹತ್ತು ಸಲ ನಿಟ್ಟುಸಿರು ಬಿಡುತ್ತಿದ್ದಳು.

ತೀರಿಕೊಂಡ ಗಂಡ ಅವಳಿಗೆ ಬಿಟ್ಟಿದ್ದು ಖಣದ ಇನ್ನೂರು ನಮೂನೆ. ಚೌಕಳಿ ಕಾಗದದ ಮೇಲೆ ಎಳೆ ಎಳೆ ಎಣಿಸಿ ಬರೆದವು. ಆ ಕಾಗದಕ್ಕೆ ಗೆದ್ದಲು ಹತ್ತಿತ್ತು. ಗಂಡನ ತಂಗಿಯ ಮಗ ಪರಪ್ಪ ಬಂದು ಎಲ್ಲದರ ಫೋಟೊ ತೆಗೆದು, ಹಳೆಯ ಕಂಪ್ಯೂಟರ್ ಒಂದಕ್ಕೆ ತುಂಬಿಸಿ, ತನ್ನ ಫೋನಿನಿಂದ ಅಳಿಸಿ, ಆ ಪೆಟ್ಟಿಗೆಯನ್ನು ಮಗ್ಗದ ಪಕ್ಕದಲ್ಲಿ ಇಟ್ಟ.

"ಅತ್ತಿ, ಇದು ಸರ್ವರ್. ನಿನ್ನ ವೆಬ್‌ಸೈಟ್ ಇದರಾಗ ಇರತೈತಿ. ಯಾವ ಊರಿನವರಾದ್ರೂ ಫೋನಿನ್ಯಾಗ ನಿನ್ನ ಖಣ ನೋಡಿ ಆರ್ಡರ್ ಕೊಡಬಹುದು. ಎಳಿ ಲೆಕ್ಕದ ನಮೂನಿ ಮಾತ್ರ ಒಳಗ ಪಾಸ್‌ವರ್ಡ್ ಹಾಕಿ ಇಟ್ಟೀನಿ. ಅವು ಬ್ಯಾರೆಯವರ ಕೈಗೆ ಸಿಕ್ಕರ ನಿನ್ನ ಅನ್ನಕ್ಕ ಮಣ್ಣು ಬಿತ್ತು ಅಂತ ತಿಳಕೋ."

ಗೂಳಪ್ಪನಿಗೆ ಅದನ್ನು ನಡೆಸಲು ಕಲಿಸಿ, ನಮೂನೆಗಳ ಇನ್ನೊಂದು ಪ್ರತಿ ಮಾಡಿಡು ಅಂತ ಹೇಳಿ ಪರಪ್ಪ ತನ್ನೂರಿಗೆ ಹೋದ. ಗೂಳಪ್ಪ ಪ್ರತಿ ಮಾಡಿದ, ಅದೇ ಪೆಟ್ಟಿಗೆಯೊಳಗೆ. ವಾರ ಕಳೆಯುವುದರೊಳಗೆ ಗೆದ್ದಲು ಕಾಗದವನ್ನು ಮುಗಿಸಿತು. ಆವತ್ತಿನಿಂದ ಬನವ್ವ ಆ ಪೆಟ್ಟಿಗೆಯ ಮುಂದೆ ಹಾಯುವಾಗಲೆಲ್ಲ ಉಸಿರು ಬಿಗಿಹಿಡಿಯುತ್ತಿದ್ದಳು.

ನೇಕಾರರ ಮನೆಯಲ್ಲಿ ಒಂದು ಪದ್ಧತಿ. ದೀಪ ಹಚ್ಚುವ ಹೊತ್ತಿಗೆ ಮಗ್ಗ ನಿಲ್ಲಿಸಬೇಕು, ಬಟ್ಟೆ ಹೊದಿಸಬೇಕು, ಕುಂಕುಮ ಇಡಬೇಕು. ಗೂಳಪ್ಪ ಸಂಜೆಯಾಯಿತು ಅಂತ ಸರ್ವರ್ ಪೆಟ್ಟಿಗೆಯನ್ನೂ ಆರಿಸಿದ, ಕಂಬಳಿ ಹೊದಿಸಿದ, ಕುಂಕುಮ ಇಟ್ಟ. ನಾಲ್ಕು ದಿನಕ್ಕೆ ಪರಪ್ಪನ ಫೋನು ಬಂತು: "ಅತ್ತಿ, ಸಂಜಿ ಆತಂದ್ರ ನಿನ್ನ ವೆಬ್‌ಸೈಟ್ ಸಾಯ್ತೈತಿ. ನೋಡಾವ್ರು ವಾಪಸ್ ಹೊಂಟಾರ."

"ಏ ಗೂಳ್ಯಾ, ಅದನ್ನ ಯಾಕ ಆರಿಸ್ತೀಯೋ? ಏನರ ಆಗಲಿ, ಅದನ್ನ ಆರಿಸಬ್ಯಾಡ."

"ಹೂಂನವ್ವ. ಆರಿಸಂಗಿಲ್ಲ."

ಆರಿಸಲಿಲ್ಲ. ಆದರೆ ಸಂಜೆ ಕಂಬಳಿ ಹೊದಿಸುವುದನ್ನು ಬಿಡು ಅಂತ ಯಾರೂ ಹೇಳಿರಲಿಲ್ಲ. ಬನವ್ವ ನೀರು ತಂದು ಒಳಗೆ ಕಾಲಿಟ್ಟಾಗ ಸುಟ್ಟ ಉಣ್ಣೆಯ ವಾಸನೆ. ಕಂಬಳಿಯಿಂದ ಹೊಗೆ ಏಳುತ್ತಿತ್ತು. ಗೂಳಪ್ಪ ಎದುರಿಗೆ ಕೈಕಟ್ಟಿ ಕೂತಿದ್ದ. ಬನವ್ವನ ಕೊಡ ಜಾರಿ ಬಿತ್ತು. ಓಡಿಹೋಗಿ ಕಂಬಳಿ ಎಳೆದು ವೈರು ಕಿತ್ತಳು, ಅಂಗೈಗೆ ಬೊಬ್ಬೆ ಬಂತು. ಪೆಟ್ಟಿಗೆ ಉಳಿಯಿತು.

"ಹೊಗಿ ಬರೋದು ಕಂಡರೂ ಸುಮ್ಮನ ಕುಂತೀಯಲ್ಲೋ."

"ಏನರ ಆಗಲಿ ಆರಿಸಬ್ಯಾಡ ಅಂದಿದ್ದಿ."

"ಇನ್ನ ಮ್ಯಾಲ ಕಂಬಳಿ ಹಾಕಬ್ಯಾಡ. ಎಂದೂ ಕಾಣದ್ದು ಕಂಡರ ಮೊದಲ ವೈರ್ ಕೀಳು."

"ಹೂಂನವ್ವ. ಕೀಳ್ತೀನಿ."

ಪರಪ್ಪ ತನ್ನ ಪರಿಚಯದ ಸೀರೆ ವ್ಯಾಪಾರಿಗಳಿಗೆಲ್ಲ ವೆಬ್‌ಸೈಟಿನ ಹೆಸರು ಕೊಟ್ಟ. ದಿನಕ್ಕೆ ಇಬ್ಬರು ಮೂವರು ನೋಡುತ್ತಿದ್ದ ಕಡೆ ಆವತ್ತು ಒಮ್ಮೆಗೇ ನಲವತ್ತು ಜನ ಬಂದರು. ಪರದೆಯ ಮೇಲೆ ನಲವತ್ತು ಅಂತ ಕಂಡದ್ದೇ ತಡ, ಗೂಳಪ್ಪ ವೈರು ಕಿತ್ತ. ನಲವತ್ತನ್ನು ಅವನು ಎಂದೂ ಕಂಡಿರಲಿಲ್ಲ.

ಬನವ್ವ ಹಣೆ ಚಚ್ಚಿಕೊಂಡಳು. "ಅವರು ನಮ್ಮ ಬೀಗರಿದ್ದಂಗೋ. ಬಂದವರನ್ನ ಕೇಳು, ಏನು ಬೇಕು ಅಂತ. ಬೇಡಿದ್ದು ಕೊಡು. ಯಾರನ್ನೂ ಬರಿಗೈಲೆ ಕಳಿಸಬ್ಯಾಡ."

"ಹೂಂನವ್ವ. ಕಳಿಸಂಗಿಲ್ಲ."

ಮರುದಿನ ಯಾರೋ ಗುರುತಿಲ್ಲದವನು ವೆಬ್‌ಸೈಟಿಗೆ ಬರೆದ: ನಿಮ್ಮ ಸರ್ವರ್ ಸರಿಪಡಿಸಿಕೊಡುತ್ತೇನೆ, ಪಾಸ್‌ವರ್ಡ್ ಕೊಡಿ. ಗೂಳಪ್ಪ ಕೊಟ್ಟ. ಚಹಾ ಬೇಕೇ ಅಂತಲೂ ಕೇಳಿದ. ಮಧ್ಯಾಹ್ನ ಊಟಕ್ಕೆ ಕೂತು ಅದನ್ನೇ ಹೆಮ್ಮೆಯಿಂದ ಹೇಳಿದ. ಬನವ್ವ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಹಾಕಿದಳು. ಅವಳಿಗೆ ನಿಜವಾಗಿ ಹೆದರಿಕೆಯಾಯಿತು. ಕಣ್ಣಿಗೆ ಕಾಣದವನು, ಊರು ಹೆಸರು ಗೊತ್ತಿಲ್ಲದವನು, ಗಂಡನ ಇನ್ನೂರು ನಮೂನೆಯ ಹೊಸ್ತಿಲಲ್ಲಿ ನಿಂತಿದ್ದ.

"ಈಗಿಂದೀಗ ಪಾಸ್‌ವರ್ಡ್ ಬದಲಿ ಮಾಡು. ಯಾರಿಗೂ ಬಾಯಿ ಬಿಟ್ಟು ಹೇಳಬ್ಯಾಡ, ನನಗೂ ಹೇಳಬ್ಯಾಡ. ಮರೀಬಾರದು ಅಂದ್ರ ಕಣ್ಣೆದುರಿಗೆ ಬರೆದಿಟ್ಕೋ. ಗೊತ್ತಿರಬಾರದಾಂವಗ ಗೊತ್ತಾತು ಅಂದ್ರ ಅಂವಾ ಕಳ್ಳ, ಎಷ್ಟ ಅತ್ತು ಕರದರೂ ಒಳಗ ಬಿಡಬ್ಯಾಡ. ಕಳ್ಳನ ಕೈಗೆ ಸಿಗೋದಕ್ಕಿಂತ ಅವು ಅಳಿಸಿ ಹೋದರ ಚಲೋ."

ಕೊನೆಯ ಮಾತು ಸಿಟ್ಟಿನಲ್ಲಿ ಬಂದದ್ದು. ಗೂಳಪ್ಪ ಅದನ್ನೂ ನೆನಪಿಟ್ಟುಕೊಂಡ.

ಸಂಜೆ ಬನವ್ವ ನೂಲಿನ ಅಂಗಡಿಗೆ ಹೋಗಿದ್ದಳು. ಅಂಗಡಿಯವನು ಫೋನು ನೋಡುತ್ತಾ ಕೇಳಿದ: "ಬನವ್ವ, ನಿನ್ನ ವೆಬ್‌ಸೈಟಿನ ಮ್ಯಾಲ ದೊಡ್ಡ ಅಕ್ಷರದಾಗ ಪಾಸ್‌ವರ್ಡ್ ಅಂತ ಯಾಕ ಬರದೈತಿ?"

ಇಡೀ ದಿನ ಗೂಳಪ್ಪನ ಕಣ್ಣೆದುರಿಗೆ ಇರುತ್ತಿದ್ದದ್ದು ಆ ವೆಬ್‌ಸೈಟೇ. ಬರೆದಿದ್ದು ಹೀಗಿತ್ತು: ಬನವ್ವನ ಮಗ ಗೂಳಪ್ಪ.

ಬನವ್ವ ನೂಲು ಅಲ್ಲೇ ಬಿಟ್ಟು ಓಡಿದಳು. ಚಪ್ಪಲಿಯೂ ಅಲ್ಲೇ ಉಳಿಯಿತು. ಮನೆಗೆ ಬಂದರೆ ಬಾಗಿಲಿಗೆ ಒಳಗಿಂದ ಚಿಲಕ.

"ಗೂಳ್ಯಾ, ಬಾಗಲ ತಗಿ. ವೈರ್ ಕೀಳು."

"ಯಾರು?"

"ನಾನೋ, ನಿಮ್ಮವ್ವ."

"ಪಾಸ್‌ವರ್ಡ್ ಹೇಳು."

ಹೊತ್ತು ಹೋಗುತ್ತಿತ್ತು. ಬನವ್ವ ಅಂಗಡಿಯಲ್ಲಿ ಓದಿದ್ದನ್ನೇ ಹೇಳಿದಳು. "ಬನವ್ವನ ಮಗ ಗೂಳಪ್ಪ."

ಗೂಳಪ್ಪ ಒಳಗಿಂದಲೇ ಅಂದ: "ನಮ್ಮವ್ವಗ ನಾ ಹೇಳಿಲ್ಲ. ಹೇಳಬ್ಯಾಡ ಅಂದಾಕಿ ಆಕಿನ. ನಿನಗ ಹೆಂಗ ಗೊತ್ತಾತು? ನೀ ಕಳ್ಳಿ."

ಬನವ್ವ ಬಾಗಿಲು ಬಡಿದಳು, ಅತ್ತಳು, ಕರೆದಳು. ಅತ್ತಷ್ಟೂ ಒಳಗಿದ್ದವನಿಗೆ ಗುಮಾನಿ ಗಟ್ಟಿಯಾಯಿತು. ಕೀಲಿಮಣೆ ಟಕಟಕ ಅನ್ನುವುದು ಅವಳಿಗೆ ಹೊರಗೇ ಕೇಳಿಸಿತು. ಕೊನೆಗೆ ಅವಳು ದನಿ ಹೋಗಿ ಕಟ್ಟೆಯ ಮೇಲೆ ಕುಸಿದಳು.

ಬಾಗಿಲು ತೆರೆಯಿತು. ಗೂಳಪ್ಪ ಬೆವರಿ ನಿಂತಿದ್ದ, ಮುಖದಲ್ಲಿ ನಗು. "ಬಂದ್ಯಾ ಅವ್ವ? ಕಳ್ಳಿ ಈಗ ಹೋದ್ಲು. ಆಕಿಗೆ ಒಂದೂ ಸಿಗಲಿಲ್ಲ. ಇನ್ನೂರೂ ಅಳಿಸೀನಿ."

"ಪ್ರತಿ?"

"ಅದನ್ನೂ ಅಳಿಸೀನವ್ವ, ಆಕಿ ಒಯ್ದಗಿಯ್ದಾಳಂತ."

ಬನವ್ವನಿಗೆ ಅಳುವೂ ಬರಲಿಲ್ಲ. ಗಂಡ ಇನ್ನೊಮ್ಮೆ ಸತ್ತ ಹಾಗಾಯಿತು. ಮಗನ ಮುಖ ನೋಡಿದಳು, ಅವನು ಶಾಬಾಸ್ ಅನ್ನಿಸಿಕೊಳ್ಳಲು ಕಾಯುತ್ತಿದ್ದ. ಬೈಯಲು ಬಾಯಿ ತೆರೆದವಳು ಹೆದರಿ ಮುಚ್ಚಿದಳು. ಈಗ ಬಾಯಿಂದ ಏನು ಬಿದ್ದರೂ ಅದನ್ನವನು ನಾಳೆ ಮಾಡುತ್ತಿದ್ದ.

"ಇನ್ನೊಂದು ಅವ್ವ," ಅಂದ ಗೂಳಪ್ಪ. "ಆ ಸರಿಪಡಿಸಾಂವ ಈಗ ಮತ್ತ ಬಂದಿದ್ದ. ನಮೂನಿ ಎಲ್ಲಿ ಅಂತ ಬರದ. ಬರಿಗೈಲೆ ಕಳಿಸಬ್ಯಾಡ ಅಂದಿದ್ದಿಯಲ್ಲ? ಎಲ್ಲಾ ನಮ್ಮವ್ವನ ತಲ್ಯಾಗ ಅದಾವು ಅಂದೆ, ಮನೀ ವಿಳಾಸ ಕೊಟ್ಟೀನಿ. ನಾಳೆ ಬರ್ತಾನಂತ."

ಬನವ್ವ ಎದ್ದು ಬಾಗಿಲ ಚಿಲಕ ಹಾಕಿದಳು. ಗೂಳಪ್ಪ ಅದನ್ನು ತೆಗೆದ.

"ಬೀಗರು ಬರಾವ್ರದಾರವ್ವ," ಅಂದ.