ತೊಟ್ಟಿಯಲ್ಲಿದ್ದ ಗಾಳಿ

ಚೆನ್ನವೀರ ಗುರುಗಳ ಬಳಿ ಬಂದು ಕೇಳಿದ: "ಹನ್ನೊಂದು ವರ್ಷ ಓದಿದ್ದೇನೆ. ಸಭೆಯಲ್ಲಿ ಜನರ ಎದುರು ಕೂತರೆ ಒಂದು ಮಾತೂ ಹೊರಡುವುದಿಲ್ಲ. ಯಾರಾದರೂ ಕೆಣಕಿ ಸಿಟ್ಟು ಬರಿಸಿದರೆ ಮಾತ್ರ ಬಾಯಿ ತೆರೆಯುತ್ತದೆ. ಇಷ್ಟು ಕೂಡಿಸಿಕೊಂಡವನಿಗೆ ಕೊಡುವುದು ಯಾಕೆ ಆಗುತ್ತಿಲ್ಲ?"

ಗುರುಗಳು ಮಠಕ್ಕೆ ಬರುವ ಮೊದಲು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸಿದವರು. ತಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳ ಕತೆ ಹೇಳಿದರು.

ನೀಲಗಂಗಾ ಎಂಬ ಸಂಶೋಧಕಿ ಇದ್ದಳು. ಬಿಸಿಲಿನ ವಿದ್ಯುತ್ತಿನಿಂದ ನೀರನ್ನು ಒಡೆದು, ಬಂದ ಜಲಜನಕವನ್ನು ಮೆಗ್ನೀಷಿಯಂ ಪುಡಿಯಲ್ಲಿ ಹಿಡಿದಿಡುವುದು ಅವಳ ಕೆಲಸ. ಒಂದು ಸಣ್ಣ ತೊಟ್ಟಿಯಲ್ಲಿ ಅವಳು ತುಂಬಿಸಿದಷ್ಟು ಅನಿಲವನ್ನು ಜೊತೆಯವರು ಯಾರೂ ತುಂಬಿಸಿರಲಿಲ್ಲ. ಅವಳಿಗೆ ಅದೇ ಹೆಮ್ಮೆ.

ಆ ತೊಟ್ಟಿಯನ್ನು ನದಿಯ ನಡುಗಡ್ಡೆಯ ಊರೊಂದಕ್ಕೆ ಕೊಟ್ಟರು. ನೆರೆ ಬಂದರೆ ಆ ಊರಿಗೆ ಕರೆಂಟಿಲ್ಲ, ದೋಣಿಯಿಲ್ಲ. ಹಾವುಗಳು ಮಾತ್ರ ಮನೆಯೊಳಗೆ ಬರುತ್ತವೆ. ಅಲ್ಲಿನ ಆರೋಗ್ಯ ಕೇಂದ್ರದ ನರ್ಸ್ ಜುಬೇದಾ ಹಾವಿನ ಕಡಿತದ ಮದ್ದನ್ನು ಫ್ರಿಜ್ಜಿನಲ್ಲಿ ಇಡುತ್ತಿದ್ದಳು. ಜಲಜನಕದಿಂದ ವಿದ್ಯುತ್ತು ಮಾಡಿ ಆ ಫ್ರಿಜ್ಜನ್ನು ನಡೆಸಬೇಕು ಎಂಬುದು ಯೋಜನೆ.

ಬೇಸಿಗೆಯಲ್ಲಿ ತೊಟ್ಟಿಯನ್ನು ಹಲವು ಸಲ ತುಂಬಿಸಿ, ಬರಿದು ಮಾಡಿ, ಮತ್ತೆ ತುಂಬಿಸಿಟ್ಟರು. ಆಷಾಢದಲ್ಲಿ ಹೊಳೆ ಏರಿತು. ಪುಡಿ ಹಿಡಿದದ್ದನ್ನು ಬಿಡಬೇಕಾದರೆ ಅದನ್ನು ಮುನ್ನೂರು ಡಿಗ್ರಿಯವರೆಗೆ ಕಾಯಿಸಬೇಕಿತ್ತು. ಹೊರಬಂದ ಅನಿಲದ ಬಹುಪಾಲು ಆ ಕಾವಿಗೇ ಉರಿದುಹೋಯಿತು. ಹೊರಬರದ ಅನಿಲ ಪುಡಿಯೊಳಗೇ ಕೂತಿತು. ಮೂರನೆಯ ದಿನ ಫ್ರಿಜ್ ನಿಂತು ಮದ್ದು ಕೆಟ್ಟಿತು. ಐದನೆಯ ದಿನ ಗದ್ದೆಮ್ಮ ಎಂಬ ಹೆಂಗಸಿಗೆ ಹಾವು ಕಡಿಯಿತು. ಹರಿಗೋಲಿನಲ್ಲಿ ಹೇಗೋ ಹೊಳೆ ದಾಟಿಸಿದರು. ಜೀವ ಉಳಿಯಿತು, ಬಲಗಾಲು ಉಳಿಯಲಿಲ್ಲ.

ನೆರೆ ಇಳಿದ ಮೇಲೆ ನೀಲಗಂಗಾ ಬಂದಳು. ಜುಬೇದಾ ಬೈಯಲಿಲ್ಲ. ಚಹಾ ಕೊಟ್ಟು ಕೇಳಿದಳು: "ತೊಟ್ಟಿಯಲ್ಲಿ ಗಾಳಿ ಇನ್ನೂ ಅರ್ಧಕ್ಕಿಂತ ಹೆಚ್ಚು ಇತ್ತಂತೆ. ಇದ್ದದ್ದು ನಮಗೆ ಯಾಕೆ ಸಿಗಲಿಲ್ಲರೀ?"

ನೀಲಗಂಗಾ ತೊಟ್ಟಿಯನ್ನು ಬಿಚ್ಚಿಸಿ ದೋಣಿಗೆ ಏರಿಸಿದಳು. ಗದ್ದೆಮ್ಮನ ಮನೆಗೂ ಹೋಗಿ ಕೂತು ಬಂದಳು. ಪ್ರಯೋಗಾಲಯಕ್ಕೆ ಮರಳಿ ತೊಟ್ಟಿಯನ್ನು ಕೊಯ್ಯಿಸಿ ನೋಡಿದಳು. ಪದೇ ಪದೇ ಕಾದು ಪುಡಿಯೆಲ್ಲ ಒಂದಕ್ಕೊಂದು ಅಂಟಿ ಮುದ್ದೆಯಾಗಿತ್ತು. ಮುದ್ದೆಯ ನಡುವೆ ಇದ್ದ ಅನಿಲಕ್ಕೆ ಹೊರಗೆ ಬರುವ ದಾರಿಯೇ ಇರಲಿಲ್ಲ.

ಅವಳು ಒಂದು ಬಗೆಯ ಇದ್ದಿಲನ್ನು ತೆಗೆದುಕೊಂಡಳು. ಅದರ ತುಂಬ ರಂಧ್ರಗಳು. ಒಂದು ಕೂದಲಿನ ದಪ್ಪದಲ್ಲಿ ಅಂಥ ಸಾವಿರಾರು ರಂಧ್ರಗಳು ಸಾಲಾಗಿ ಕೂರುತ್ತವೆ. ಮೆಗ್ನೀಷಿಯಂ ಲೋಹವನ್ನು ದ್ರಾವಣ ಮಾಡಿ ಆ ರಂಧ್ರಗಳಿಗೆ ಇಳಿಸಿದಳು. ಮೊದಲ ಸಲ ಅದು ಇದ್ದಿಲಿನ ಹೊರಗೇ ನಿಂತು ಮತ್ತೆ ಮುದ್ದೆಯಾಯಿತು. ಎರಡು ವರ್ಷ ಹೀಗೇ ಹೋಯಿತು. ಕೊನೆಗೆ ಲೋಹ ಒಳಗೆ ಇಳಿದು ನಿಂತಿತು. ಪ್ರತಿ ಕಣಕ್ಕೂ ತನ್ನದೇ ಗೋಡೆ ಸಿಕ್ಕಿತು, ಪಕ್ಕದ ಕಣವನ್ನು ಅಂಟಿಕೊಳ್ಳಲು ಆಗಲಿಲ್ಲ.

ಜೊತೆಯವರು ತೂಗಿ ನೋಡಿದರು. ತೊಟ್ಟಿಯಲ್ಲಿ ಈಗ ಅರ್ಧ ಬರೀ ಇದ್ದಿಲು, ಮೊದಲಿನ ಅರ್ಧದಷ್ಟು ಅನಿಲವೂ ಹಿಡಿಯುವುದಿಲ್ಲ, ಇದೆಂಥ ಸುಧಾರಣೆ ಎಂದರು. ಅವಳು ಹೌದೆಂದು ಒಪ್ಪಿಕೊಂಡಳು. ಮನಸ್ಸಿಗೆ ನೋವಾದರೂ ಪ್ರಯೋಗ ನಿಲ್ಲಿಸಲಿಲ್ಲ. ಹೊಸ ತೊಟ್ಟಿ ಮೊದಲಿಗಿಂತ ಕಡಿಮೆ ಕಾವಿಗೆ, ಬೇಗನೆ, ಹಿಡಿದದ್ದನ್ನೆಲ್ಲ ಬಿಟ್ಟಿತು. ನೂರನೆಯ ಸಲವೂ ಹಾಗೇ ಬಿಟ್ಟಿತು. ಅವಳು ಅದನ್ನು ನಡುಗಡ್ಡೆಗೆ ಒಯ್ದಳು.

ಆ ವರ್ಷ ನೆರೆ ಒಂಬತ್ತು ದಿನ ಇಳಿಯಲಿಲ್ಲ. ಫ್ರಿಜ್ ನಿಲ್ಲಲಿಲ್ಲ. ಏಳನೆಯ ದಿನ ಒಬ್ಬ ಕುರಿಗಾಹಿಗೆ ಹಾವು ಕಡಿಯಿತು, ಜುಬೇದಾ ಮದ್ದು ಚುಚ್ಚಿದಳು. ನೀರು ಇಳಿಯುವ ಹೊತ್ತಿಗೆ ಅವನು ತನ್ನ ಕುರಿಗಳ ಹಿಂದೆ ನಡೆದು ಹೋಗುತ್ತಿದ್ದಾನೆಂದು ಅವಳು ಫೋನಿನಲ್ಲಿ ತಿಳಿಸಿದಳು. ನೀಲಗಂಗಾ ಇನ್ನೊಂದು ಊರಿನ ತೊಟ್ಟಿಗೆ ಇದ್ದಿಲು ತೂಗಲು ಎದ್ದಳು.

ಗುರುಗಳು ಕತೆ ಮುಗಿಸಿದರು. ಹಾಗಾದರೆ ತಾನು ಓದುವುದನ್ನು ಕಡಿಮೆ ಮಾಡಬೇಕೇ ಎಂದು ಚೆನ್ನವೀರ ಕೇಳಿದ.

"ಓದು ಅಡ್ಡಿಯಲ್ಲ, ಅದು ಮುದ್ದೆಯಾಗಿರುವುದು ಅಡ್ಡಿ. ನಾಳೆ ಸಭೆಗೆ ಹೋಗಬೇಡ, ಯಾರಾದರೂ ಒಬ್ಬರ ಪಕ್ಕ ಹೋಗಿ ಕೂತುಕೋ, ಅವರು ಕೇಳಿದಷ್ಟು ಹೇಳು" ಎಂದರು ಗುರುಗಳು.