ಬಾಳವ್ವಜ್ಜಿಯ ಶೆಗಡಿ ಹತ್ತಿದ ದಿನ

ಕೈ ಕಂಬಳಿಯೊಳಗೆ ಇಡಿ, ಕಿವಿ ನನ್ನ ಕಡೆ ಇಡಿ. ನಡುವೆ ಯಾರೂ ನಿದ್ದೆ ಹೋಗಬಾರದು. ನೀವು ನಿದ್ದೆ ಹೋದರೆ ಅಜ್ಜಿಗೆ ದಾರಿ ತಪ್ಪುತ್ತದೆ.

ಒಂದು ಊರು. ಆ ಊರಿಗೆ ಚಳಿ ಬಂತು. ನಿನ್ನೆ ಇರಲಿಲ್ಲ, ಇವತ್ತು ಬಂತು. ಬಾಗಿಲ ಸಂದಿಯಿಂದ ಬಂತು. ಕಿಟಕಿಯ ಸಂದಿಯಿಂದ ಬಂತು. ಹೊದ್ದ ಕೌದಿಯ ತೂತಿನಿಂದಲೂ ಬಂತು.

ಆ ಊರಲ್ಲಿ ಒಬ್ಬಳು ಬಾಳವ್ವಜ್ಜಿ. ಬಾಳವ್ವಜ್ಜಿಗೆ ಒಬ್ಬಳು ಮಗಳು, ರತ್ನವ್ವ. ರತ್ನವ್ವನ ಮಡಿಲಲ್ಲಿ ಒಂದು ಕೂಸು. ಇನ್ನೂ ಹೆಸರೇ ಇಟ್ಟಿಲ್ಲ, ಅಷ್ಟು ಹೊಸ ಕೂಸು. ಆಗಷ್ಟೇ ನೀರು ಎರೆದು ಮಲಗಿಸಿದ್ದರು. ಕೂಸಿನ ಮೂಗು ತಣ್ಣಗೆ. ಕೂಸಿನ ಕಾಲು ತಣ್ಣಗೆ. ಕೂಸು ಅಳುತ್ತಿತ್ತು, ಕುಂಯ್ ಕುಂಯ್.

"ಯವ್ವಾ, ಶೆಗಡಿ ಹಚ್ಚಬೇ," ಅಂದಳು ರತ್ನವ್ವ.

ಶೆಗಡಿ ಅಂದರೆ ತಗಡಿನ ಒಲೆ, ಇದ್ದಿಲು ಹಾಕುವ ಒಲೆ. ಬೇಸಿಗೆಯೆಲ್ಲ ಅದು ಅಟ್ಟದ ಮೇಲೆ. ಮಳೆಗಾಲವೆಲ್ಲ ಅದು ಅಟ್ಟದ ಮೇಲೆ. ಚಳಿ ಬಂದ ದಿನ ಅಜ್ಜಿ ಅದನ್ನು ಕೆಳಗಿಳಿಸುತ್ತಾಳೆ. ಬೂದಿ ಒರೆಸುತ್ತಾಳೆ. ಕುಂಕುಮ ಹಚ್ಚುತ್ತಾಳೆ. ಅಂಗಳದಲ್ಲಿಟ್ಟು ಹೊತ್ತಿಸುತ್ತಾಳೆ. ಹೊಗೆ ಹೋಗಿ ಇದ್ದಿಲು ಕೆಂಪಾದ ಮೇಲೆ ಒಳಗೆ ತರುತ್ತಾಳೆ.

ಇನ್ನೊಂದು ಮಾತಿದೆ, ನೆನಪಿಟ್ಟುಕೊಳ್ಳಿ. ವರ್ಷದ ಮೊದಲ ಬಿಸಿ ಮನೆಯಲ್ಲಿ ಎಲ್ಲರಿಗಿಂತ ಚಿಕ್ಕವರಿಗೆ. ಅವರಿಗಿಂತ ಮುಂಚೆ ದೊಡ್ಡವರು ಕೈ ಚಾಚುವಂತಿಲ್ಲ. ಅಜ್ಜಿಯ ಅಜ್ಜಿ ಹಾಗೆ ಹೇಳಿ ಹೋಗಿದ್ದಳು.

ಅಜ್ಜಿ ಶೆಗಡಿ ಇಳಿಸಿದಳು. ಬೂದಿ ಒರೆಸಿದಳು. ಕುಂಕುಮ ಹಚ್ಚಿದಳು. ಇದ್ದಿಲು ಹಾಕಿದಳು. ಇದ್ದಿಲು ಬುಡುಬುಡು ಕೆಳಗೆ ಬಿತ್ತು. ಮತ್ತೆ ಹಾಕಿದಳು. ಮತ್ತೆ ಬುಡುಬುಡು ಕೆಳಗೆ ಬಿತ್ತು. ಅಜ್ಜಿ ಬಗ್ಗಿ ನೋಡಿದಳು. ಶೆಗಡಿಯ ಹೊಟ್ಟೆಯಲ್ಲಿ ಜಾಲರಿ ಇಲ್ಲ. ಇದ್ದಿಲು ಕೂರಿಸುವ ಕಬ್ಬಿಣದ ಜಾಲರಿಯೇ ಇಲ್ಲ.

ಎಲ್ಲಿ ಹೋಯಿತು ಜಾಲರಿ? ಹೋದ ಚಳಿಗಾಲ ಮುಗಿದಾಗ ಅಜ್ಜಿಯೇ ಅದನ್ನು ಜೋಪಾನವಾಗಿ ಇಟ್ಟಿದ್ದಳು. ಎಷ್ಟು ಜೋಪಾನ ಅಂದರೆ, ಅಜ್ಜಿಗೇ ಸಿಗದಷ್ಟು ಜೋಪಾನ.

ಅಟ್ಟದ ಮೇಲೆ ನೋಡಿದಳು, ಇಲ್ಲ. ಮಂಚದ ಕೆಳಗೆ ನೋಡಿದಳು, ಇಲ್ಲ. ಹಿಟ್ಟಿನ ಡಬ್ಬಿಯಲ್ಲೂ ನೋಡಿದಳು. ಹಿಟ್ಟಿನ ಡಬ್ಬಿಯಲ್ಲಿ ಯಾರಾದರೂ ಜಾಲರಿ ಇಡುತ್ತಾರೆಯೇ? ಅಜ್ಜಿಗೆ ಅದೂ ಗೊತ್ತಾಗಲಿಲ್ಲ. ಕೊನೆಗೆ ಹಿತ್ತಿಲಿಗೆ ಹೋದಳು. ಅಲ್ಲಿ ಬೂದಿ ಬಣ್ಣದ ಕೋಳಿ ಕಾವಿಗೆ ಕೂತಿತ್ತು. ಕೋಳಿಯ ಕೆಳಗೆ ತತ್ತಿ. ತತ್ತಿಯ ಕೆಳಗೆ ಹುಲ್ಲು. ಹುಲ್ಲಿನ ಕೆಳಗೆ ಜಾಲರಿ.

"ನನ್ನ ಜಾಲರಿ ಇಲ್ಲಿ ಯಾರು ಇಟ್ರು?" ಅಂದಳು ಅಜ್ಜಿ.

"ನೀನ ಇಟ್ಟಿ. ಬ್ಯಾಸಗ್ಯಾಗ ನನಗ ಗಾಳಿ ಆಡಲಿ ಅಂತ," ಅಂದಿತು ಕೋಳಿ.

"ನಾನ?"

"ನೀನ."

ಅಜ್ಜಿ ತಲೆ ಕೆರೆದುಕೊಂಡಳು. ಆಮೇಲೆ, ಏಳು ಮಾರಾಯ್ತಿ, ಜಾಲರಿ ಕೊಡು ಅಂದಳು.

"ಕೊಡತಿದ್ದೆ ಅಜ್ಜಿ, ಕೊಡತಿದ್ದೆ. ಆದ್ರ ನನ್ನ ತತ್ತಿ ಇವತ್ತೋ ನಾಳೆನೋ ಒಡೀತಾವ. ಜಾಲರಿ ತಗದ್ರ ನೆಲದ ಥಂಡಿ ಬಡೀತೈತಿ. ಮೆತ್ತನ್ನ ಹತ್ತಿ ತಂದು ಹಾಸು, ಏಳತೀನಿ."

ಅಜ್ಜಿ ಕಂಬಳಿ ಹೊದ್ದು ಹೊರಟಳು. ಹೋದಳು, ಹೋದಳು, ಲಾಲಸಾಬನ ಮನೆಗೆ ಹೋದಳು. ಲಾಲಸಾಬ ಗಾದಿ ಹೊಲಿಯುವವನು. ದೊಡ್ಡ ಬಿಲ್ಲು ಹಿಡಿದು, ಟೊಂಯ್ ಟೊಂಯ್ ಅಂತ ಹತ್ತಿ ಹಿಂಜುವವನು. ಅವನ ಬಾಗಿಲಿಗೆ ಹೋಗಿ ಅಜ್ಜಿ ಸುಮ್ಮನೆ ನಿಂತುಬಿಟ್ಟಳು.

"ಲಾಲಸಾಬಾ, ನಾ ಯಾಕ ಬಂದೆ?"

ಅದು ನನಗೆ ಹೇಗೆ ಗೊತ್ತು ಅಂದ ಲಾಲಸಾಬ. ಅಜ್ಜಿ ಕಣ್ಣು ಮುಚ್ಚಿದಳು. ನೆನಪು ಮಾಡಿಕೊಂಡಳು. ಬೆರಳು ಮಡಚುತ್ತ ಹೇಳಿದಳು:

"ಹತ್ತಿ ಬಂದ್ರ ಕೋಳಿ ಏಳತೈತಿ,
ಕೋಳಿ ಎದ್ರ ಜಾಲರಿ ಸಿಗತೈತಿ,
ಜಾಲರಿ ಸಿಕ್ರ ಶೆಗಡಿ ಉರೀತೈತಿ,
ಶೆಗಡಿ ಉರಿದ್ರ ಕೂಸು ಬೆಚ್ಚಗಾಗತೈತಿ.
ಹತ್ತಿ ಕೊಡೋ ಲಾಲಸಾಬಾ."

"ಕೊಡತಿದ್ದೆ ಅಜ್ಜಿ, ಕೊಡತಿದ್ದೆ. ಆದ್ರ ಹತ್ತಿ ಎಲ್ಲಾ ಗಂಟು ಗಂಟು. ಬಿಲ್ಲಿನ ಹುರಿ ಹರದೈತಿ. ಹುರಿ ತಂದು ಕೊಡು, ಹಿಂಜಿ ಕೊಡತೀನಿ."

ಅಜ್ಜಿ ಹೊರಟಳು. ಹೋದಳು, ಹೋದಳು, ಕರೆವ್ವನ ಮನೆಗೆ ಹೋದಳು. ಕರೆವ್ವ ಹಗ್ಗ ಹೊಸೆಯುವವಳು. ಅವಳ ಅಂಗಳದಲ್ಲಿ ಮರದ ರಾಟೆ. ರಾಟೆ ತಿರುಗಿದರೆ ನಾರು ಹುರಿಯಾಗುತ್ತದೆ. ಅಜ್ಜಿ ಬೆರಳು ಮಡಚಿದಳು.

"ಹುರಿ ಬಂದ್ರ ಕೋಳಿ ಹಿಂಜತೈತಿ," ಅಂದಳು.

ಕರೆವ್ವ ಕಣ್ಣು ಕಣ್ಣು ಬಿಟ್ಟಳು. ಕೋಳಿ ಯಾಕೆ ಹಿಂಜುತ್ತದೆ ಮಕ್ಕಳೇ? ಅಜ್ಜಿಗೆ ಎಲ್ಲ ಕಲಸುಮೇಲೋಗರ ಆಗಿತ್ತು. ಮಡಚಿದ ಬೆರಳೆಲ್ಲ ಬಿಡಿಸಿ ಮೊದಲಿಂದ ಶುರು ಮಾಡಿದಳು:

"ಹುರಿ ಬಂದ್ರ ಹತ್ತಿ ಬರತೈತಿ,
ಹತ್ತಿ ಬಂದ್ರ ಕೋಳಿ ಏಳತೈತಿ,
ಕೋಳಿ ಎದ್ರ ಜಾಲರಿ ಸಿಗತೈತಿ,
ಜಾಲರಿ ಸಿಕ್ರ ಶೆಗಡಿ ಉರೀತೈತಿ,
ಶೆಗಡಿ ಉರಿದ್ರ ಕೂಸು ಬೆಚ್ಚಗಾಗತೈತಿ.
ಹುರಿ ಕೊಡ ಕರೆವ್ವಾ."

"ಕೊಡತಿದ್ದೆ ಅಜ್ಜಿ, ಕೊಡತಿದ್ದೆ. ಆದ್ರ ಇರೋದೆಲ್ಲಾ ಎತ್ತು ಕಟ್ಟೋ ದಪ್ಪ ಹಗ್ಗ. ಸಣ್ಣ ಹುರಿ ಹೊಸೀಬೇಕಂದ್ರ ರಾಟಿ ತಿರಗವಲ್ದು, ಬಿಗದು ಕುಂತೈತಿ. ಎಣ್ಣಿ ತಂದು ಬಿಡು, ಹೊಸೆದು ಕೊಡತೀನಿ."

ಅಜ್ಜಿ ಹೊರಟಳು. ಹೋದಳು, ಹೋದಳು, ಗಾಣದ ಮಲ್ಲೇಶಿಯ ಮನೆಗೆ ಹೋದಳು. ದಾರಿಯುದ್ದಕ್ಕೂ ಬೆರಳು ಮಡಚಿಯೇ ಇದ್ದಳು, ಒಂದೂ ಬಿಡಿಸಲಿಲ್ಲ. ಎದುರಿಗೆ ಬಂದವರು ಮಾತಾಡಿಸಿದರೂ ಬಾಯಿ ಬಿಡಲಿಲ್ಲ. ಮಲ್ಲೇಶಿಯ ಮುಂದೆ ನಿಂತು ಒಂದೇ ಉಸಿರಿಗೆ ಹೇಳಿದಳು:

"ಎಣ್ಣಿ ಬಂದ್ರ ರಾಟಿ ತಿರಗತೈತಿ,
ರಾಟಿ ತಿರಗಿದ್ರ ಹುರಿ ಬರತೈತಿ,
ಹುರಿ ಬಂದ್ರ ಹತ್ತಿ ಬರತೈತಿ,
ಹತ್ತಿ ಬಂದ್ರ ಕೋಳಿ ಏಳತೈತಿ,
ಕೋಳಿ ಎದ್ರ ಜಾಲರಿ ಸಿಗತೈತಿ,
ಜಾಲರಿ ಸಿಕ್ರ ಶೆಗಡಿ ಉರೀತೈತಿ,
ಶೆಗಡಿ ಉರಿದ್ರ ಕೂಸು ಬೆಚ್ಚಗಾಗತೈತಿ.
ಎಣ್ಣಿ ಕೊಡೋ ಮಲ್ಲೇಶಿ."

ಮಲ್ಲೇಶಿ ಕೊಬ್ಬರಿ ಎಣ್ಣೆಯ ಶೀಶೆ ತಂದ. ತಲೆಕೆಳಗೆ ಹಿಡಿದ. ಒಂದು ಹನಿಯೂ ಬೀಳಲಿಲ್ಲ. ಅಲ್ಲಾಡಿಸಿದ. ಆಗಲೂ ಬೀಳಲಿಲ್ಲ. ಚಳಿಗೆ ಎಣ್ಣೆ ಬೆಳ್ಳಗೆ ಗಟ್ಟಿಯಾಗಿ ಕೂತಿತ್ತು.

"ಶೀಶೆ ಒಯ್ಯಿ ಅಜ್ಜಿ. ಮನ್ಯಾಗ ಶೆಗಡಿ ಮುಂದ ಇಡು, ಕರಗತೈತಿ," ಅಂದ ಮಲ್ಲೇಶಿ.

ಅಜ್ಜಿಗೆ ಖುಷಿಯೋ ಖುಷಿ. ಶೀಶೆಯನ್ನು ಎದೆಗೆ ಅವುಚಿಕೊಂಡಳು. ಅದರ ಮೇಲೆ ಸೆರಗು. ಸೆರಗಿನ ಮೇಲೆ ಕಂಬಳಿ. ಒಡೆದರೆ ಏನು ಗತಿ ಅಂತ ಎರಡೂ ಕೈಯಲ್ಲಿ ಒತ್ತಿ ಹಿಡಿದಳು. ಬಿರಬಿರನೆ ನಡೆದಳು. ಬೇವಿನ ಕಟ್ಟೆಯ ಹತ್ತಿರ ಬಂದಳು. ಅಲ್ಲಿ ಗಕ್ಕನೆ ನಿಂತಳು.

ತಡಿ. ಎಣ್ಣೆ ಕರಗಬೇಕಾದರೆ ಶೆಗಡಿ ಉರಿಯಬೇಕು. ಶೆಗಡಿ ಉರಿಯಬೇಕಾದರೆ ಜಾಲರಿ ಸಿಗಬೇಕು. ಜಾಲರಿ ಸಿಗಬೇಕಾದರೆ ಕೋಳಿ ಏಳಬೇಕು. ಕೋಳಿ ಏಳಬೇಕಾದರೆ ಹತ್ತಿ ಬರಬೇಕು. ಹತ್ತಿ ಬರಬೇಕಾದರೆ ಹುರಿ ಬರಬೇಕು. ಹುರಿ ಬರಬೇಕಾದರೆ ರಾಟೆ ತಿರುಗಬೇಕು. ರಾಟೆ ತಿರುಗಬೇಕಾದರೆ ಎಣ್ಣೆ ಕರಗಬೇಕು. ಎಣ್ಣೆ ಕರಗಬೇಕಾದರೆ ಶೆಗಡಿ ಉರಿಯಬೇಕು.

ಅಯ್ಯೋ, ಮತ್ತೆ ಶೆಗಡಿ.

ಅಜ್ಜಿ ಈ ಕಡೆ ತಿರುಗಿದಳು, ಮನೆಗೆ ಹೋಗಲೋ ಅಂತ. ಆ ಕಡೆ ತಿರುಗಿದಳು, ಮಲ್ಲೇಶಿಯ ಹತ್ತಿರ ಹೋಗಲೋ ಅಂತ. ಈ ಕಡೆ, ಆ ಕಡೆ, ಈ ಕಡೆ. ತಲೆ ಗಿರ್ರ್ ಅಂತು. ಕಟ್ಟೆಯ ಮೇಲೆ ಕೂತುಬಿಟ್ಟಳು. ಅಲ್ಲಿಗೂ ಕೂಸಿನ ಅಳು ಕೇಳುತ್ತಿತ್ತು, ಕುಂಯ್ ಕುಂಯ್. ಮೊದಲಿನಷ್ಟು ಜೋರಿಲ್ಲ. ಅತ್ತು ಅತ್ತು ದಣಿದಿತ್ತು ಕೂಸು. ಅಜ್ಜಿಗೆ ಹೆದರಿಕೆಯಾಯಿತು. ಅಜ್ಜಿಗೂ ಅಳು ಬಂತು. ಎಲ್ಲಿ ತಪ್ಪಿದೆ ಅಂತ ಮತ್ತೆ ಮೊದಲಿಂದ ಎಣಿಸಿದಳು, ಶೀಶೆಯನ್ನು ಗಟ್ಟಿಯಾಗಿ ಒತ್ತಿಕೊಂಡೇ ಎಣಿಸಿದಳು. ಎಣಿಸಿ ಎಣಿಸಿ ಸಾಕಾಯಿತು. ಏನೂ ತಿಳಿಯದೆ ಎದ್ದು ನಿಂತಳು.

ಕಂಬಳಿಯೊಳಗೆ ಗುಳುಕ್ ಅಂತು.

ಅಜ್ಜಿ ಒಂದು ಹೆಜ್ಜೆ ಇಟ್ಟಳು. ಗುಳುಕ್. ಇನ್ನೊಂದು ಹೆಜ್ಜೆ ಇಟ್ಟಳು. ಗುಳುಕ್ ಗುಳುಕ್. ಶೀಶೆ ಹೊರಗೆ ತೆಗೆದಳು. ಎಣ್ಣೆ ನೀರಿನ ಹಾಗೆ ಕರಗಿತ್ತು.

"ಶೆಗಡಿ ಉರಿದಿಲ್ಲ. ಬಿಸಲೂ ಬಿದ್ದಿಲ್ಲ. ಮತ್ತ ಇದನ್ನ ಕರಗಿಸಿದವರು ಯಾರು?" ಅಂದಳು ಅಜ್ಜಿ.

ನಿಮಗೆ ಗೊತ್ತಲ್ಲ? ಈಗ ಹೇಳಬೇಡಿ. ಅಜ್ಜಿಗೆ ಅವಸರವಿದೆ.

ಅಜ್ಜಿ ಓಡಿದಳು. ಎಣ್ಣೆ ಬಿಟ್ಟಳು, ರಾಟೆ ತಿರುಗಿತು. ರಾಟೆ ತಿರುಗಿತು, ಹುರಿ ಬಂತು. ಹುರಿ ಬಂತು, ಬಿಲ್ಲು ಟೊಂಯ್ ಟೊಂಯ್ ಅಂತು, ಹತ್ತಿ ಬಂತು. ಹತ್ತಿ ಬಂತು, ಕೋಳಿ ಎದ್ದಿತು. ಕೋಳಿ ಎದ್ದಿತು, ಜಾಲರಿ ಸಿಕ್ಕಿತು. ಅಜ್ಜಿ ಹತ್ತಿ ಹಾಸಿದಳು. ಒಂದೊಂದೇ ತತ್ತಿ ಎತ್ತಿಟ್ಟಳು. ಕೋಳಿ ಮತ್ತೆ ಮುದುಡಿ ಕೂತಿತು.

ಜಾಲರಿ ಶೆಗಡಿಯ ಹೊಟ್ಟೆಗೆ ಹೋಗಿ ಟಕ್ ಅಂತ ಕೂತಿತು. ಇದ್ದಿಲು ಹಾಕಿದಳು. ಈ ಸಲ ಬುಡುಬುಡು ಅನ್ನಲಿಲ್ಲ. ಅಂಗಳದಲ್ಲಿ ಹೊತ್ತಿಸಿದಳು. ಬೀಸಿದಳು, ಬೀಸಿದಳು. ಹೊಗೆ ಹೋಯಿತು. ಇದ್ದಿಲು ಕೆಂಪಾಯಿತು. ಶೆಗಡಿ ಒಳಗೆ ಬಂತು.

ಅಜ್ಜಿಯ ಹಿಂದೆಯೇ ಲಾಲಸಾಬ ಬಂದ, ಕರೆವ್ವ ಬಂದಳು, ಮಲ್ಲೇಶಿಯೂ ಬಂದ. ಎಲ್ಲರಿಗೂ ಚಳಿ. ಆದರೆ ಯಾರೂ ಕೈ ಚಾಚಲಿಲ್ಲ. ಮೊದಲ ಬಿಸಿ ಎಲ್ಲರಿಗಿಂತ ಚಿಕ್ಕವರಿಗೆ. ಹಾಗಾಗಿ ಎಲ್ಲರೂ ಕೈ ಕಂಕುಳಲ್ಲಿ ಇಟ್ಟುಕೊಂಡು ನಿಂತರು. ರತ್ನವ್ವ ಕೂಸನ್ನು ತಂದಳು. ಅಷ್ಟರಲ್ಲಿ ಹಿತ್ತಿಲಿಂದ ಒಂದು ಸದ್ದು ಬಂತು.

ಚಿಂವ್.

ಬೂದಿ ಕೋಳಿ ಓಡಿ ಬಂತು. ಅದರ ಹಿಂದೆ ತೂರಾಡುತ್ತ ಒಂದು ಮರಿ, ಬೆನ್ನು ಇನ್ನೂ ಒದ್ದೆ.

"ನನ್ನ ಮರಿನೂ ಈ ಮನೀದ. ಇದು ಕೂಸಿಗಿಂತ ಸಣ್ಣದು," ಅಂದಿತು ಕೋಳಿ.

ಈಗೇನು ಮಾಡುವುದು? ಕೂಸೇ ಮೊದಲು ಅಂದ ಲಾಲಸಾಬ. ಮರಿಯೇ ಚಿಕ್ಕದು ಅಂದಳು ಕರೆವ್ವ. ಅಳತೆ ಮಾಡೋಣ ಅಂದ ಮಲ್ಲೇಶಿ. ಕೂಸು ಕುಂಯ್ ಅಂತು. ಮರಿ ಚಿಂವ್ ಅಂತು. ಅಜ್ಜಿ ಈ ಕಡೆ ನೋಡಿದಳು. ಆ ಕಡೆ ನೋಡಿದಳು. ಈ ಕಡೆ, ಆ ಕಡೆ, ಈ ಕಡೆ. ತಲೆ ಮತ್ತೆ ಗಿರ್ರ್ ಅಂತು.

ಅಜ್ಜಿ ಶೆಗಡಿಯ ಮುಂದೆ ಕೂತಳು. ಕಂಬಳಿ ಬಿಚ್ಚಿದಳು. ಎಣ್ಣೆಯ ಶೀಶೆ ಇದ್ದ ಜಾಗದಲ್ಲಿ ಕೂಸನ್ನು ಇಟ್ಟುಕೊಂಡಳು. ಕೂಸಿನ ಪಕ್ಕದಲ್ಲಿ ಮರಿಯನ್ನು ಇಟ್ಟುಕೊಂಡಳು. ಮೇಲೆ ಸೆರಗು. ಸೆರಗಿನ ಮೇಲೆ ಕಂಬಳಿ. ಎರಡೂ ಕೈಯಲ್ಲಿ ಒತ್ತಿ ಹಿಡಿದಳು.

ಕುಂಯ್ ನಿಂತಿತು. ಚಿಂವ್ ನಿಂತಿತು. ಕೂಸಿನ ಮೂಗು ಬೆಚ್ಚಗಾಯಿತು. ಕೂಸಿನ ಕಾಲು ಬೆಚ್ಚಗಾಯಿತು. ಮರಿಯ ಬೆನ್ನು ಆರಿತು. ರತ್ನವ್ವ ನಕ್ಕಳು. ಲಾಲಸಾಬ, ಕರೆವ್ವ, ಮಲ್ಲೇಶಿ ನಿಧಾನವಾಗಿ ಶೆಗಡಿಯ ಕಡೆ ಕೈ ಚಾಚಿದರು.

"ಯವ್ವಾ, ಮೊದಲ್ನೇ ಬಿಸಿ ಯಾರಿಗೆ ಹೋತು?" ಅಂದಳು ರತ್ನವ್ವ.

ಅಜ್ಜಿ ಬೆರಳು ಮಡಚಿದಳು. ಕೂಸಿಗೋ? ಮರಿಗೋ? ಎಣ್ಣೆಯ ಶೀಶೆಗೋ? ಮತ್ತೆ ಬೆರಳು ಬಿಡಿಸಿದಳು.

"ನನಗೇನ ಗೊತ್ತವ್ವಾ," ಅಂದಳು ಬಾಳವ್ವಜ್ಜಿ. "ಗದ್ಲ ಮಾಡಬ್ಯಾಡ್ರಿ, ಇವು ಮಲಗ್ಯಾವ."

ಅವು ಮಲಗಿದವು, ಕಥೆಯೂ ಮಲಗಿತು. ಈಗ ನೀವೂ ಇಲ್ಲಿ ಬನ್ನಿ, ನನ್ನ ಕಂಬಳಿಯಲ್ಲೂ ಜಾಗ ಇದೆ.